ಅಜ್ಜಿ ಚೌಕದ ಬೆಲೆಚೀಟಿ

ಗ್ರ್ಯಾನಿ ಸ್ಕ್ವೇರ್ ಅಂದ್ರೆ ತೀರಾ ಓಬೀರಾಯನ ಕಾಲದ್ದು ಅಂದ್ಕೊಂಡಿರ್ತೀವಿ. ಅಷ್ಟೇನೂ ಹಳೆಯದಲ್ಲ. ಅಚ್ಚಾದ ಮಾದರಿಗಳಲ್ಲಿ ಗೊತ್ತಿರುವ ಮೊದಲನೆಯದು 1885ರದ್ದು, ಅಮೆರಿಕದ ರೈತರ ಪತ್ರಿಕೆ ‘ಪ್ರೇರಿ ಫಾರ್ಮರ್’ನಲ್ಲಿ ಬಂದದ್ದು. ಉಪಾಯ ನಮ್ಮ ಕೌದಿಯದೇ: ಉಳಿದ ತುಂಡು ಬಿಸಾಡಬೇಡ. ಒಂದು ಕ್ರೋಶಾ ಕಡ್ಡಿ, ಬಣ್ಣಕ್ಕೊಂದು ಸುತ್ತು, ಅಂಚಿಗೆ ಕಪ್ಪು ಉಣ್ಣೆ. ಚೌಕಗಳನ್ನು ಜೋಡಿಸಿದರೆ ಹೊದಿಕೆ. ಹಾಲು ಉಕ್ಕುವುದರೊಳಗೆ ಒಂದು ಸುತ್ತು ಮುಗಿದಿರುತ್ತೆ.

1970ರ ದಶಕದಲ್ಲಿ ಇದು ಸೋಫಾದಿಂದ ಇಳಿದು ಫ್ಯಾಷನ್ ಆಯ್ತು. ಈಗ ಮತ್ತೆ ಮಾಲ್‌ಗಳಲ್ಲಿ ನೇತಾಡ್ತಿದೆ. ನನ್ನ ಕಣ್ಣು ಹೋಗೋದು ಬೆಲೆಚೀಟಿ ಕಡೆಗೆ. ಸ್ವೆಟರ್ ಹೆಣೆಯೋಕೆ ಯಂತ್ರವಿದೆ. ಈ ಚೌಕ ಹೆಣೆಯುವ ಯಂತ್ರ ಕಾರ್ಖಾನೆಗಳಲ್ಲಿ ಇವತ್ತಿಗೂ ಇಲ್ಲ. ಅಂದ್ರೆ ಐನೂರು ರೂಪಾಯಿಯ ಕ್ರೋಶಾ ಟಾಪನ್ನೂ ಯಾರೋ ಕೂತು ಕೈಯಲ್ಲೇ ಹೆಣೆದಿರಬೇಕು.

ಅವರಿಗೆಷ್ಟು ಸಿಕ್ಕಿತು? ಆಂಧ್ರದ ನರಸಾಪುರದಲ್ಲಿ ರಫ್ತಿಗಾಗಿ ಕ್ರೋಶಾ ಲೇಸ್ ಹೆಣೆಯುತ್ತಿದ್ದ ಹೆಂಗಸರ ಬಗ್ಗೆ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ದಿನಕ್ಕೆ ಆರೆಂಟು ಗಂಟೆ ಹೆಣೆದರೂ ಅವರನ್ನು ಕಾರ್ಮಿಕರು ಅಂತ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮನೇಲಿರೋ ಹೆಂಗಸರು, ಬಿಡುವಿನ ಹೊತ್ತಿನ ಕೆಲಸ ಅನ್ನೋದು ಊರಿನ ಮಾತು. ಆ ಮಾತಿನ ಮೇಲೇ ಅವರ ಕೂಲಿಯೂ ನಿಂತಿತ್ತು.