ಅಪಘಾತೋತ್ತರ ಶೀತಕ ಪರೀಕ್ಷೆ

ಪರಮಾಣು ವಿದ್ಯುತ್ ಸ್ಥಾವರದಲ್ಲಿ ಅವಘಡವಾದ ಮೇಲೆ ರಿಯಾಕ್ಟರಿನೊಳಗಿನ ಶೀತಕದ ಮಾದರಿಯನ್ನು ಸಿಬ್ಬಂದಿಗೆ ಅಪಾಯವಾಗದಂತೆ ಹೊರತೆಗೆದು, ಅದರಲ್ಲಿರುವ ವಿಕಿರಣಶೀಲ ವಸ್ತುಗಳನ್ನೂ ರಾಸಾಯನಿಕ ಗುಣಗಳನ್ನೂ ಕೆಲವೇ ಗಂಟೆಗಳಲ್ಲಿ ಅಳೆಯುವುದಕ್ಕೆಂದು ಮೊದಲೇ ಮಾಡಿಟ್ಟುಕೊಳ್ಳುವ ಏರ್ಪಾಡು. ಇಂಧನದ ಶಾಖವನ್ನು ಹೊತ್ತೊಯ್ಯುವ ದ್ರವವೇ ಶೀತಕ. ಅವಘಡದ ನಂತರ ಇಂಧನಕ್ಕೆ ಏನಾಗಿದೆ ಎಂದು ಯಾರೂ ಒಳಗೆ ಹೋಗಿ ನೋಡುವಂತಿಲ್ಲ. ಅದನ್ನು ಸವರಿಕೊಂಡು ಬಂದ ದ್ರವವನ್ನೇ ಕೇಳಬೇಕು.

ಚೆನ್ನೈನಿಂದ ದಕ್ಷಿಣಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿ, ಬಂಗಾಳ ಕೊಲ್ಲಿಯ ದಂಡೆಯ ಮೇಲಿರುವ ಕಲ್ಪಾಕ್ಕಂ ಈ ವಿಷಯವನ್ನು ತಿಳಿಯಲು ಒಳ್ಳೆಯ ಸ್ಥಳ. ಅಲ್ಲಿನ ಮದ್ರಾಸ್ ಪರಮಾಣು ವಿದ್ಯುತ್ ಕೇಂದ್ರದ ಮೊದಲ ಘಟಕ 1984ರ ಜನವರಿಯಲ್ಲೂ ಎರಡನೆಯದು 1986ರ ಮಾರ್ಚ್‌ನಲ್ಲೂ ವಾಣಿಜ್ಯ ಉತ್ಪಾದನೆಗೆ ತೊಡಗಿದವು. ಈಗ ತಲಾ 220 ಮೆಗಾವಾಟ್ ಸಾಮರ್ಥ್ಯದ ಈ ಘಟಕಗಳ ಶೀತಕ ಭಾರಜಲ, ಅಂದರೆ ಹೈಡ್ರೋಜನ್ನಿನ ಭಾರ ರೂಪದಿಂದಾದ ನೀರು. ನಮ್ಮ ಕೈಗಾದ ನಾಲ್ಕು ಘಟಕಗಳೂ ಇದೇ ಕುಲದವು. ಅದೇ ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದಲ್ಲಿ 1985ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಫಾಸ್ಟ್ ಬ್ರೀಡರ್ ಪರೀಕ್ಷಾ ರಿಯಾಕ್ಟರಿದೆ. ಪಕ್ಕದಲ್ಲೇ 500 ಮೆಗಾವಾಟ್‌ನ ಮೂಲಮಾದರಿ ಬ್ರೀಡರ್ ರಿಯಾಕ್ಟರಿದೆ. ಇವೆರಡರ ಶೀತಕ ದ್ರವ ಸೋಡಿಯಂ. ಒಂದು ಕಡೆ ನೀರಿನ ವಿದ್ಯೆ, ಇನ್ನೊಂದು ಕಡೆ ಲೋಹದ ವಿದ್ಯೆ, ನಡುವೆ ನಡೆದು ಹೋಗುವಷ್ಟೇ ದೂರ.

ಭಾರಜಲ ಸ್ಥಾವರದಲ್ಲಿ ಸ್ಯಾಂಪಲ್ ತೆಗೆಯುವುದು ದಿನನಿತ್ಯದ ಕೆಲಸ. ಸುಮಾರು 290 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ವಾತಾವರಣದ ಎಂಬತ್ತು ಪಟ್ಟಿಗೂ ಮಿಕ್ಕ ಒತ್ತಡದಲ್ಲಿ ಹರಿಯುವ ಭಾರಜಲದ ಒಂದೆಳೆಯನ್ನು ಬೆರಳಿಗಿಂತ ಸಣ್ಣ ಸ್ಟೀಲ್ ಕೊಳವೆಯಲ್ಲಿ ಹೊರತಂದು, ತಣಿಸಿ, ಒತ್ತಡ ಇಳಿಸಿ, ಗಾಳಿ ಎಳೆದುಕೊಳ್ಳುವ ಪೆಟ್ಟಿಗೆಯೊಳಗೆ ಬಾಟಲಿಗೆ ಬಿಡುತ್ತಾರೆ. ಕೊಳವೆಯಲ್ಲಿ ನಿಂತಿದ್ದ ಹಳೆಯ ನೀರು ಹೋಗುವವರೆಗೆ ಮೊದಲು ಸ್ವಲ್ಪ ಹರಿಸಬೇಕು. ಆ ನೀರನ್ನೂ ಚೆಲ್ಲುವಂತಿಲ್ಲ, ಏಕೆಂದರೆ ಭಾರಜಲ ಬಲು ದುಬಾರಿ. ಅದರಲ್ಲಿರುವ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹೊರಗಿನಿಂದ ಚುಚ್ಚುವುದಿಲ್ಲ. ಆದರೆ ಉಸಿರಿನ ಮೂಲಕವೂ ಚರ್ಮದ ಮೂಲಕವೂ ಮೈಸೇರುತ್ತದೆ. ಆದ್ದರಿಂದ ಕೈಗವಸು ಬೇಕು, ಅಗತ್ಯವಿದ್ದಲ್ಲಿ ಪ್ಲಾಸ್ಟಿಕ್ ಸೂಟು ಬೇಕು, ಸಿಬ್ಬಂದಿಯ ಮೂತ್ರ ಪರೀಕ್ಷೆಯೂ ನಿಯಮಿತವಾಗಿ ಆಗಬೇಕು. 2009ರ ನವೆಂಬರ್‌ನಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಬೆರೆತ ಭಾರಜಲ ಸೇರಿಸಿದ್ದು ಬಯಲಾದದ್ದು ಈ ಮೂತ್ರ ಪರೀಕ್ಷೆಯಿಂದಲೇ.

ಇಂಧನದ ಕವಚ ಒಡೆದರೆ ಇದೇ ಕೆಲಸದ ಸ್ವರೂಪವೇ ಬದಲಾಗುತ್ತದೆ. ಕ್ಸೆನಾನ್, ಕ್ರಿಪ್ಟಾನ್, ಅಯೋಡಿನ್, ಸೀಸಿಯಂ ಇವೆಲ್ಲ ಶೀತಕಕ್ಕೆ ಇಳಿಯುತ್ತವೆ. ನಿನ್ನೆಯವರೆಗೆ ಕೈಯಲ್ಲಿ ಹಿಡಿಯುತ್ತಿದ್ದ ಬಾಟಲಿಯನ್ನು ಇಂದು ಇಕ್ಕಳದಿಂದಲೂ ಹತ್ತಿರ ತರುವಂತಿಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಇಂಧನ ಕರಗಿತು. ಮರುದಿನ ಶೀತಕದ ಒಂದು ಮಾದರಿ ತರಲು ಹೋದವರು ಅದೊಂದೇ ಕೆಲಸದಲ್ಲಿ ಮೂರು ತಿಂಗಳಿಗೆ ನಿಗದಿಯಾಗಿದ್ದ 30 ಮಿಲಿಸೀವರ್ಟ್‌ ವಿಕಿರಣದ ಮಿತಿಯನ್ನು ಮೀರಿಬಿಟ್ಟರು. ಅವರ ಧೈರ್ಯದಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಕೊಳವೆಯಲ್ಲಿ, ಗೋಡೆಯಲ್ಲಿ: ಆ ಮಾದರಿ ಕೊಠಡಿಯನ್ನು ಕಟ್ಟಿದ್ದೇ ಶುಭದಿನಗಳಿಗಾಗಿ.

ಆ ಪಾಠದಿಂದ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 1980ರಲ್ಲಿ ಸ್ಪಷ್ಟ ಅಳತೆಗಳನ್ನು ಇಟ್ಟಿತು. ಮಾದರಿ ಬೇಕೆಂದು ತೀರ್ಮಾನಿಸಿದ ಗಳಿಗೆಯಿಂದ ಮೂರು ಗಂಟೆಯೊಳಗೆ ಅದನ್ನು ತೆಗೆದು ಪರೀಕ್ಷೆಯನ್ನೂ ಮುಗಿಸಬೇಕು. ಆ ಕೆಲಸದಲ್ಲಿ ಯಾರಿಗೂ ಇಡೀ ಮೈಗೆ 50 ಮಿಲಿಸೀವರ್ಟ್, ಕೈಕಾಲುಗಳಿಗೆ 750 ಮಿಲಿಸೀವರ್ಟ್ ದಾಟಬಾರದು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ವಿನ್ಯಾಸ ಸುರಕ್ಷತಾ ಮಾನದಂಡದಲ್ಲೂ 71ನೆಯ ಅಗತ್ಯವಾಗಿ ಅಪಘಾತೋತ್ತರ ಮಾದರಿ ವ್ಯವಸ್ಥೆ ಸೇರಿದೆ.

ಸಿದ್ಧತೆಯ ಬಹುಪಾಲು ಕೊಳಾಯಿ ಕೆಲಸ ಎಂದರೆ ಆಶ್ಚರ್ಯವಾಗಬಹುದು. ಅವಘಡದ ಸೂಚನೆ ಸಿಕ್ಕೊಡನೆ ರಿಯಾಕ್ಟರ್ ಕಟ್ಟಡದಿಂದ ಹೊರಬರುವ ಕೊಳವೆಗಳ ಬಹುಪಾಲು ಕವಾಟಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಮಾದರಿ ಕೊಳವೆಯ ಕವಾಟವೂ ಅವುಗಳಲ್ಲೊಂದು. ಅದೊಂದನ್ನು ಮಾತ್ರ ದೂರದಿಂದ ತೆರೆಯುವ ದಾರಿ ಬೇಕು, ವಿದ್ಯುತ್ ಹೋಗಿದ್ದರೂ ಅದು ತೆರೆಯಬೇಕು. ಕೊಳವೆ ಆದಷ್ಟು ಗಿಡ್ಡವಾಗಿರಬೇಕು. ಉದ್ದವಾದರೆ ಅಯೋಡಿನ್ ಗೋಡೆಗೆ ಅಂಟಿಕೊಂಡು ಬಾಟಲಿಗೆ ಬರುವಷ್ಟರಲ್ಲಿ ಲೆಕ್ಕ ತಪ್ಪುತ್ತದೆ; ಜೊತೆಗೆ ಕೊಳವೆ ಹಾದುಹೋಗುವ ಪ್ರತಿ ಓಣಿಯಲ್ಲೂ ವಿಕಿರಣ ಏರುತ್ತದೆ. ತೊಳೆದು ಬಿಟ್ಟ ನೀರು ಸಾಮಾನ್ಯ ಚರಂಡಿಗೆ ಹೋಗದೆ ರಿಯಾಕ್ಟರ್ ಕಟ್ಟಡಕ್ಕೇ ಮರಳಬೇಕು. ಒತ್ತಡ ಇಳಿಸಿದರೆ ಕರಗಿದ ಅನಿಲಗಳು ಸೋಡಾ ಬಾಟಲಿ ತೆರೆದಂತೆ ಹಾರಿಹೋಗುತ್ತವೆ. ಹಾಗಾಗಿ ಅನಿಲದ ಮಾದರಿಯನ್ನು ಒತ್ತಡದಲ್ಲೇ ಹಿಡಿಯಬೇಕು.

ಮಾದರಿಯ ಗಾತ್ರವೂ ಮುಖ್ಯ. ಒಂದು ಮಿಲಿಲೀಟರಿನಷ್ಟು ದ್ರವವನ್ನು ಸೀಸದ ಗೋಡೆಯ ಹಿಂದೆಯೇ ಶುದ್ಧ ನೀರಿನಲ್ಲಿ ಸಾವಿರ ಪಟ್ಟು ತೆಳುಮಾಡಿದರೆ ಮುಂದಿನ ಕೆಲಸ ಮನುಷ್ಯರ ಕೈಗೆ ಎಟಕುತ್ತದೆ. ತೆಳುಮಾಡದೆ ಒಯ್ದರೆ ದ್ರವಸಾರಜನಕದಿಂದ ತಣಿಸಿದ ಜರ್ಮೇನಿಯಂ ಗಾಮಾ ಪತ್ತೆಯಂತ್ರವೂ ಕಣ್ಣುಕಟ್ಟಿ ಕೂರುತ್ತದೆ, ಏಕೆಂದರೆ ಒಂದು ಕಿರಣವನ್ನು ಎಣಿಸಿ ಮುಗಿಸುವುದರೊಳಗೆ ನೂರಾರು ಬಂದು ಬಡಿದಿರುತ್ತವೆ. ಸೀಸದ ಡಬ್ಬಿಯನ್ನು ಒಯ್ಯುವ ತಳ್ಳುಗಾಡಿ ಯಾವ ಬಾಗಿಲಲ್ಲಿ ಹಾಯುತ್ತದೆ, ಲಿಫ್ಟ್ ನಿಂತಿದ್ದರೆ ಮೆಟ್ಟಿಲಲ್ಲಿ ಇಳಿಸುವವರು ಯಾರು, ಪ್ರಯೋಗಾಲಯದ ಗಾಳಿಗೇ ಕ್ಸೆನಾನ್ ನುಗ್ಗಿದರೆ ಪರೀಕ್ಷೆ ಎಲ್ಲಿ ಎಂಬುದನ್ನೆಲ್ಲ ಅಳತೆಪಟ್ಟಿ ಹಿಡಿದು ಮೊದಲೇ ಗೊತ್ತುಮಾಡಬೇಕು.

ಇಷ್ಟು ಪಾಡುಪಟ್ಟು ತಂದ ಹನಿ ಏನು ಹೇಳುತ್ತದೆ? ಕ್ಸೆನಾನ್, ಅಯೋಡಿನ್, ಸೀಸಿಯಂ ಮಾತ್ರ ಕಂಡರೆ ಕವಚ ಬಿರಿದಿದೆ. ಬೇರಿಯಂ, ಸ್ಟ್ರಾನ್ಷಿಯಂ, ಲ್ಯಾಂಥನಂ ಗಣನೀಯವಾಗಿ ಬಂದಿದ್ದರೆ ಇಂಧನವೇ ಬೆಂದು ಕರಗಿರುವ ಸಂಭವವಿದೆ. ಸೀಸಿಯಂ 134 ಮತ್ತು 137ರ ಅನುಪಾತದಿಂದ ಆ ಇಂಧನ ಎಷ್ಟು ಉರಿದಿತ್ತು ಎಂದು ಊಹಿಸಬಹುದು. ಹೈಡ್ರೋಜನ್ ಹೇರಳವಾಗಿದ್ದರೆ ಕವಚದ ಜಿರ್ಕೋನಿಯಂ ಹಬೆಯೊಡನೆ ವರ್ತಿಸಿದೆ ಎಂದರ್ಥ, ಸ್ಫೋಟದ ಭಯವಿದೆ. ನೀರು ಆಮ್ಲೀಯವಾಗಿದ್ದರೆ ಅದರಲ್ಲಿ ಕರಗಿದ ಅಯೋಡಿನ್ ಅನಿಲವಾಗಿ ಏಳುತ್ತದೆ. ಕ್ಷಾರ ಬೆರೆಸಿ ಹಿಡಿದಿಡಬೇಕು. ಭಾರಜಲ ಸ್ಥಾವರಗಳಿಗೆ ಇನ್ನೂ ಒಂದು ಪ್ರಶ್ನೆ ಉಂಟು: ತುರ್ತು ತಂಪಿಗೆ ಬಿಟ್ಟ ಸಾದಾ ನೀರು ಎಷ್ಟು ಬೆರೆತಿದೆ? ಭಾರಜಲದ ಶುದ್ಧತೆ ಇಳಿದಷ್ಟೂ ಸಾದಾ ನೀರು ಒಳಗೆ ತಲುಪಿರುವುದು ಖಾತ್ರಿಯಾಗುತ್ತದೆ. ಕಡಲ ದಂಡೆಯ ಸ್ಥಾವರಕ್ಕೆ ಕ್ಲೋರೈಡ್ ಪರೀಕ್ಷೆಯೂ ಗಂಭೀರ, ಉಪ್ಪು ಸೇರಿದ ಬಿಸಿನೀರು ಸ್ಟೇನ್‌ಲೆಸ್ ಸ್ಟೀಲನ್ನು ಸೀಳುತ್ತದೆ.

ಮಾದರಿ ದಾರಿ ತಪ್ಪಿಸುವುದೂ ಉಂಟು. ತ್ರೀ ಮೈಲ್ ಐಲೆಂಡ್‌ನಲ್ಲಿ ಮೊದಲ ಗಂಟೆಗಳಲ್ಲಿ ತೆಗೆದ ಮಾದರಿಯಲ್ಲಿ ನ್ಯೂಟ್ರಾನ್ ಹೀರಿ ಸರಣಿಕ್ರಿಯೆಯನ್ನು ತಡೆಯುವ ಬೋರಾನ್ ಇರಬೇಕಾದ್ದಕ್ಕಿಂತ ತೀರ ಕಡಿಮೆ ಕಂಡು, ರಿಯಾಕ್ಟರ್ ಮತ್ತೆ ಹೊತ್ತಿಕೊಳ್ಳುತ್ತಿದೆಯೇ ಎಂದು ನಿಯಂತ್ರಣ ಕೊಠಡಿಯವರು ಕಂಗಾಲಾದರು. ಇಂಧನದ ಮೇಲಿನ ನೀರು ಕುದಿದು ಆರುತ್ತಿದ್ದದ್ದು ಅವರ ಗಮನಕ್ಕೆ ಬರಲಿಲ್ಲ. ಜಪಾನಿನ ಫುಕುಶಿಮಾ ಸ್ಥಾವರದವರು 2011ರ ಮಾರ್ಚ್ 27ರಂದು ಎರಡನೆಯ ಘಟಕದ ನೆಲಮಾಳಿಗೆಯ ನೀರಿನಲ್ಲಿ ಸಾಮಾನ್ಯಕ್ಕಿಂತ ಒಂದು ಕೋಟಿ ಪಟ್ಟು ವಿಕಿರಣವಿದೆ ಎಂದು ಪ್ರಕಟಿಸಿ, ಬೇರೊಂದು ಧಾತುವನ್ನು ಅಯೋಡಿನ್ 134 ಎಂದು ತಪ್ಪಾಗಿ ಗುರುತಿಸಿದ್ದಾಗಿ ಹೇಳಿ, ಒಂದು ಲಕ್ಷ ಪಟ್ಟು ಎಂದು ತಿದ್ದಿದರು. ಅಯೋಡಿನ್ 134ರ ಅರ್ಧಾಯು ಒಂದು ಗಂಟೆಗೂ ಕಡಿಮೆ. ರಿಯಾಕ್ಟರುಗಳು ನಿಂತು ಹದಿನಾರು ದಿನವಾದ ಮೇಲೆ ಅದು ಅಷ್ಟೊಂದು ಉಳಿದಿರಲು ಸಾಧ್ಯವೇ ಇರಲಿಲ್ಲ. ದಣಿದ ಕಣ್ಣುಗಳಿಗೆ ಅದು ಕಾಣಲಿಲ್ಲ. ಫಲಿತಾಂಶವನ್ನು ಇನ್ನೊಬ್ಬರು ಕೂತು ನೋಡಬೇಕೆಂಬ ನಿಯಮಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಾದರಿ ತೆಗೆಯುವ ಕೆಲಸದಲ್ಲೇ ಅಪಾಯ ಅಡಗಿರಬಹುದೆಂಬುದನ್ನು ಕಲ್ಪಾಕ್ಕಂ ತನ್ನ ಮೈಮೇಲೆ ಅನುಭವಿಸಿದೆ. 2003ರ ಜನವರಿ 21ರಂದು ಅಲ್ಲಿನ ಇಂಧನ ಮರುಸಂಸ್ಕರಣ ಘಟಕದಲ್ಲಿ ಕೆಲವರು ಕೆಳಮಟ್ಟದ ತ್ಯಾಜ್ಯದ ತೊಟ್ಟಿಯಿಂದ ಎಂದಿನಂತೆ ಮಾದರಿ ತೆಗೆಯಲು ಹೋದರು. ಒಂದು ಕವಾಟ ಕೆಟ್ಟು ತೀವ್ರ ವಿಕಿರಣದ ತ್ಯಾಜ್ಯ ಆ ತೊಟ್ಟಿಗೆ ಸೇರಿತ್ತು. ಎಚ್ಚರಿಸಲು ಅಲ್ಲಿ ವಿಕಿರಣ ಮಾಪಕವಿರಲಿಲ್ಲ. ಮಾದರಿಯನ್ನು ಪರೀಕ್ಷೆಗೆ ಒಡ್ಡಿದಾಗಲೇ ವಿಷಯ ತಿಳಿದದ್ದು. ಅಷ್ಟರಲ್ಲಿ ಆರು ಮಂದಿಗೆ 280ರಿಂದ 420 ಮಿಲಿಸೀವರ್ಟ್‌ನಷ್ಟು ವಿಕಿರಣ ತಗುಲಿತ್ತು. ಭಾರತದಲ್ಲಿ ಒಂದು ವರ್ಷಕ್ಕಿರುವ ಗರಿಷ್ಠ ಮಿತಿ 30. ಅದು ರಿಯಾಕ್ಟರಲ್ಲ, ಆ ದ್ರವ ಶೀತಕವೂ ಅಲ್ಲ. ಆದರೂ ಈ ಲೇಖನದ ವಿಷಯಕ್ಕೆ ಭಾರತದಲ್ಲಿ ಇದಕ್ಕಿಂತ ಹತ್ತಿರದ ಪ್ರಸಂಗ ಇನ್ನೊಂದಿಲ್ಲ. ಅವಘಡವಾಗಿದೆ ಎಂದು ಗೊತ್ತಾದ ಮೇಲೆ ಸ್ಯಾಂಪಲ್ ತೆಗೆಯುವುದು ಒಂದು ಬಗೆ. ಸ್ಯಾಂಪಲ್ ತೆಗೆಯುವವರೇ ಅವಘಡವನ್ನು ಮೊದಲು ಎದುರಿಸುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಬೇಕಾದದ್ದು ಬಾಟಲಿಗೆ ಕೈಯಿಡುವ ಮುನ್ನವೇ ಕೂಗಿಕೊಳ್ಳುವ ಒಂದು ಮಾಪಕ.

2004ರ ಡಿಸೆಂಬರ್ 26ರ ಸುನಾಮಿ ಇದೇ ದಂಡೆಗೆ ಬಂತು. ಕಡಲ ನೀರು ಪಂಪ್‌ಹೌಸಿಗೆ ನುಗ್ಗಿತು, ಓಡುತ್ತಿದ್ದ ಎರಡನೆಯ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು, ವಿಕಿರಣ ಹೊರಬೀಳಲಿಲ್ಲ. ವಸತಿ ಬಡಾವಣೆಯಲ್ಲಿ ಮಾತ್ರ ಜೀವಹಾನಿಯಾಯಿತು. ಸ್ಯಾಂಪಲ್ ತೆಗೆಯಬೇಕಾದವರ ಮನೆಯೇ ನೀರಿನಲ್ಲಿರುವ ದಿನವೂ ಬರಬಹುದೆಂಬುದನ್ನು ಯಾವ ತುರ್ತು ಯೋಜನೆಯೂ ಮರೆಯಬಾರದು.

2000ರ ಸುಮಾರಿಗೆ ಅಮೆರಿಕದ ಆಯೋಗ ಈ ಏರ್ಪಾಡನ್ನು ಕಡ್ಡಾಯಗಳ ಪಟ್ಟಿಯಿಂದ ಕೈಬಿಡಲು ಅಲ್ಲಿನ ಸ್ಥಾವರಗಳಿಗೆ ಅನುಮತಿ ಕೊಟ್ಟಿತು. ಮೊದಲ ಗಂಟೆಗಳ ತೀರ್ಮಾನಕ್ಕೆ ಉಷ್ಣಮಾಪಕ, ವಿಕಿರಣ ಮಾಪಕಗಳು ಸಾಕು, ಮಾದರಿ ತಡವಾಗಿ ಬರುತ್ತದೆ ಎಂಬುದು ವಾದ. ಮೊದಲ ಗಂಟೆಗಳ ಮಟ್ಟಿಗೆ ಈ ವಾದ ಸರಿ. ಆದರೆ ಅವಘಡ ಗಂಟೆಗಳಲ್ಲಿ ಮುಗಿಯುವುದಿಲ್ಲ. ತಿಂಗಳುಗಟ್ಟಲೆ ಆ ನೀರನ್ನು ಸುತ್ತಿಸಬೇಕು, ಶುದ್ಧಿಮಾಡಬೇಕು, ಎಲ್ಲೋ ಶೇಖರಿಸಬೇಕು. ಅದರಲ್ಲಿ ಏನಿದೆ ಎಂದು ತಿಳಿಯದೆ ಒಂದು ಶೋಧಕವನ್ನೂ ಆರಿಸಲಾಗದು.

ಸೋಡಿಯಂನ ಕಥೆ ಬೇರೆ. ಅದು 98 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಾದರಿ ಕೊಳವೆಗೆ ಉದ್ದಕ್ಕೂ ವಿದ್ಯುತ್ ಶಾಖ ಸುತ್ತಿರದಿದ್ದರೆ ದಾರಿಯಲ್ಲೇ ಹೆಪ್ಪುಗಟ್ಟಿ ಬಿರಡೆಯಾಗುತ್ತದೆ. ಬಿಸಿ ಸೋಡಿಯಂ ಗಾಳಿ ಸೋಕಿದರೆ ಉರಿಯುತ್ತದೆ, ನೀರು ತಾಗಿದರೆ ಸಿಡಿಯುತ್ತದೆ. ಹಾಗಾಗಿ ಎಲ್ಲವೂ ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೇ ನಡೆಯಬೇಕು. ಓಡಿದ ರಿಯಾಕ್ಟರಿನ ಸೋಡಿಯಂ ತಾನೇ ವಿಕಿರಣಶೀಲ. ಅದರ ಸೋಡಿಯಂ 24ಕ್ಕೆ 15 ಗಂಟೆಯ ಅರ್ಧಾಯು ಇರುವುದರಿಂದ ಕೆಲವು ದಿನ ಕಾಯದೆ ಹತ್ತಿರ ಹೋಗಲಾಗದು. ಅಷ್ಟರಲ್ಲಿ ಇಂಧನದ ಸುದ್ದಿಯನ್ನು ಸೋಡಿಯಂನ ಮೇಲಿರುವ ಆರ್ಗಾನ್ ಅನಿಲದಿಂದ ತಿಳಿಯುತ್ತಾರೆ. ಕವಚ ಒಡೆದರೆ ಕ್ಸೆನಾನ್, ಕ್ರಿಪ್ಟಾನ್‌ಗಳು ಅಲ್ಲಿಗೆ ಏಳುತ್ತವೆ. ಅಯೋಡಿನ್ ಮಾತ್ರ ಸೋಡಿಯಂ ಜೊತೆ ಕೂಡಿ ಒಳಗೇ ಉಳಿಯುತ್ತದೆ, ಅದೊಂದು ಸಮಾಧಾನ. ಸೋರಿಕೆ ಬರೀ ಊಹೆಯಲ್ಲ: 2002ರಲ್ಲಿ ಪರೀಕ್ಷಾ ರಿಯಾಕ್ಟರಿನ ಶುದ್ಧೀಕರಣ ಕೋಣೆಯಲ್ಲಿ ಇಂಧನದ ಮೂಲಕ ಹರಿಯುವ ಪ್ರಾಥಮಿಕ ಸೋಡಿಯಂ ಸುಮಾರು 75 ಕಿಲೋ ಸೋರಿತು. ಹೋಲಿಕೆಗೆ, ಮೂಲಮಾದರಿ ರಿಯಾಕ್ಟರಿನ ಮುಖ್ಯ ಪಾತ್ರೆಯಲ್ಲಿರುವ ಸೋಡಿಯಂ 1,150 ಟನ್.