ಭೀಮೆಯ ಎಡದಂಡೆಯ ಯಾದಗಿರಿ ನಿಲ್ದಾಣ

ಒಂದು ಊರಿನ ಏಳಿಗೆಗೆ ಅರಸುಮನೆತನ, ಕೋಟೆ, ದೇವಾಲಯಗಳು ಮಾತ್ರ ಕಾರಣವಲ್ಲ. ಆ ಊರನ್ನು ಮುಟ್ಟುವ ದಾರಿಯೂ ಕಾರಣ. ಯಾದಗಿರಿ, ಶಹಾಪುರ, ಸುರಪುರಗಳ ಇತಿಹಾಸ ಇದಕ್ಕೆ ಸಾಕ್ಷಿ.

ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ಈ ಸೀಮೆಯಲ್ಲಿ ಹಿರಿಮೆ ಪಡೆದಿದ್ದುದು ನಾಯಕ ಅರಸರ ರಾಜಧಾನಿಯಾದ ಸುರಪುರ. ರಾಜಾ ವೆಂಕಟಪ್ಪನಾಯಕನು ಬಾಲಕನಾಗಿದ್ದ ಕಾಲದಲ್ಲಿ ಅಲ್ಲಿಯ ಆಡಳಿತವನ್ನು ನೋಡಿಕೊಂಡವನು ಮೆಡೋಸ್ ಟೇಲರ್. ಅವನು ಸುರಪುರದಿಂದ ನಿರ್ಗಮಿಸಿದ 1853ರಲ್ಲಿಯೇ ಮುಂಬಯಿಯಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಮುಂದೆ 1858ರಲ್ಲಿ ವೆಂಕಟಪ್ಪನಾಯಕನು ಬ್ರಿಟಿಷರ ವಿರುದ್ಧ ಬಂಡೆದ್ದು ಸೆರೆಸಿಕ್ಕನು. ಅದೇ ವರ್ಷ ಮಡಿದನು. ಸಂಸ್ಥಾನವು 1860ರಲ್ಲಿ ನಿಜಾಮನ ಪಾಲಾಯಿತು.

ಇದಾದ ಹನ್ನೊಂದು ವರ್ಷಗಳಿಗೆ, 1871ರಲ್ಲಿ, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ಕಲಬುರ್ಗಿ, ಯಾದಗಿರಿಗಳ ಮೂಲಕ ರಾಯಚೂರನ್ನು ತಲುಪಿ, ಮದರಾಸಿನಿಂದ ಬಂದ ಹಳಿಯೊಡನೆ ಕೂಡಿತು. ಮುಂಬಯಿ, ಮದರಾಸುಗಳೆರಡೂ ಯಾದಗಿರಿಗೆ ನೇರ ದಾರಿಯ ಊರುಗಳಾದುವು.

ಸುರಪುರ, ಶಹಾಪುರಗಳಿಗೆ ಈ ಭಾಗ್ಯ ಒದಗಲಿಲ್ಲ. ಇದರ ಅರ್ಥ ಭೂಪಟವನ್ನು ನೋಡಿದರೆ ತಿಳಿಯುತ್ತದೆ. ಅವೆರಡೂ ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ನಾಡಿನಲ್ಲಿವೆ. ಅತ್ತ ಸಾಗಿದ್ದರೆ ಹಳಿಗೆ ಭೀಮೆಗೊಂದು, ಕೃಷ್ಣೆಗೊಂದು ಸೇತುವೆ ಬೇಕಾಗುತ್ತಿತ್ತು. ಕಲಬುರ್ಗಿಯಿಂದ ಯಾದಗಿರಿಯವರೆಗೆ ಭೀಮೆಯ ಎಡಬದಿಯಲ್ಲಿಯೇ ಉಳಿದ ಹಳಿಯು ನದಿಗಳ ಸಂಗಮದ ಕೆಳಗೆ ಒಮ್ಮೆ ಮಾತ್ರ ಕೃಷ್ಣೆಯನ್ನು ದಾಟಿ ರಾಯಚೂರಿಗೆ ಹೋಗುತ್ತದೆ.

ಹೀಗೆ ಖಡ್ಗದಿಂದ ರಾಜ್ಯ ಕಳೆದುಕೊಂಡ ಸುರಪುರವು ಹಳಿಯಿಂದಲೂ ದೂರ ಉಳಿಯಿತು. ರೈಲನ್ನು ಹಿಡಿಯಬೇಕಾದ ಶಹಾಪುರದವರು ಭೀಮೆಯನ್ನು ದಾಟಿ ಯಾದಗಿರಿಗೆ ಬರಬೇಕಾಯಿತು. ದೇವರ ದಾಸಿಮಯ್ಯನ ಮುದನೂರು, ಭೋಗಣ್ಣನ ಕೆಂಭಾವಿಗಳಿಗೆ ರೈಲಿನಲ್ಲಿ ಬರುವ ಶರಣಭಕ್ತರಿಗೂ ಸಾಹಿತ್ಯಾಸಕ್ತರಿಗೂ ಯಾದಗಿರಿಯಿಂದ ಮುಂದೆ ರಸ್ತೆಯೇ ಗತಿ. ಕಲಬುರ್ಗಿ ಜಿಲ್ಲೆಯನ್ನು ಒಡೆದು ಹೊಸ ಜಿಲ್ಲೆಯನ್ನು 2009–10ರಲ್ಲಿ ರಚಿಸಿದಾಗ ಜಿಲ್ಲಾ ಕೇಂದ್ರವಾದುದು ಹಳೆಯ ರಾಜಧಾನಿಯಲ್ಲ, ರೈಲು ನಿಲ್ದಾಣವಿದ್ದ ಯಾದಗಿರಿ. ಈ ಗೌರವಕ್ಕೆ ರೈಲೊಂದೇ ಕಾರಣವೆನ್ನಲಾಗದು; ಆದರೆ ರೈಲನ್ನು ಬಿಟ್ಟು ಅದನ್ನು ವಿವರಿಸುವುದೂ ಕಷ್ಟ.

ಸುರಪುರ, ಶಹಾಪುರಗಳ ಮೂಲಕ ಹಾಯುವಂತೆ ಗದಗ–ವಾಡಿ ಮಾರ್ಗವನ್ನು ಈಗ ಯೋಜಿಸಲಾಗಿದೆ. ಅದು ಪೂರ್ಣಗೊಂಡ ದಿನ, ನಾಯಕರ ರಾಜಧಾನಿಗೆ ಒಂದೂವರೆ ಶತಮಾನ ತಡವಾಗಿ ರೈಲು ಬಂದಂತಾಗುವುದು.