ದೀರ್ಘಕಾಲಿಕ ಗರ್ಭನಿರೋಧಕ ಚುಚ್ಚುಮದ್ದು: ತಾಳವಾಡಿ ಗಿರಿಸೀಮೆಯನ್ನು ಕುರಿತು ಒಂದು ವಿವೇಚನೆ

ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ನುಡಿಯಿಂದಲೂ ನೆಂಟಸ್ತಿಕೆಯಿಂದಲೂ ಚಾಮರಾಜನಗರದ ಕಡೆಗೇ ಮುಖಮಾಡಿರುವ ತಾಳವಾಡಿ ಗಿರಿಸೀಮೆಯವರು ಜಿಲ್ಲಾಕೇಂದ್ರಕ್ಕೆ ಹೋಗಬೇಕಾದರೆ, ಹಾಸನೂರಿನ ಕಾಡನ್ನು ಹಾಯ್ದು, ದಿಂಬಂ ಘಟ್ಟದ 27 ತಿರುವುಗಳನ್ನಿಳಿದು, ಸತ್ಯಮಂಗಲದ ಬಯಲನ್ನು ಸೇರಬೇಕು. ಇಂತಹ ಸೀಮೆಯಲ್ಲಿ ಗರ್ಭನಿರೋಧಕವೊಂದು ಎಷ್ಟು ಕಾಲ ಫಲಕಾರಿಯಾಗಿರುವುದೆಂಬ ಪ್ರಶ್ನೆಯು ರಸಾಯನಶಾಸ್ತ್ರಕ್ಕೆ ಸೇರಿದಷ್ಟೇ ದಾರಿಯ ದುರ್ಗಮತೆಗೂ ಸೇರಿದುದು. ಔಷಧದ ಅವಧಿಯು ಹಿಗ್ಗಿದಂತೆಲ್ಲ ಅದನ್ನು ಕೊಡುವ ಮುನ್ನ ತಿಳಿಯಹೇಳಬೇಕಾದ ಹೊಣೆಯೂ ಹಿಗ್ಗುವುದೆಂಬುದೇ ಈ ಲೇಖನದ ಪ್ರತಿಪಾದ್ಯ.

ಪ್ರೊಜೆಸ್ಟಿರಾನ್ ವರ್ಗದ ಹಾರ್ಮೋನನ್ನು ದೇಹದಲ್ಲಿ ತಿಂಗಳುಗಟ್ಟಲೆ ನಿಲಿಸಲು ಎರಡು ಉಪಾಯಗಳು ಪ್ರಸಿದ್ಧವಾಗಿವೆ. ಡಿಎಂಪಿಎ ಎಂಬ ಔಷಧದ ಸೂಕ್ಷ್ಮಸ್ಫಟಿಕಗಳು ನೀರಿನಲ್ಲಿ ಸುಲಭವಾಗಿ ಕರಗಲಾರವಾದ ಕಾರಣ, ಸ್ನಾಯುವನ್ನು ಹೊಕ್ಕ 150 ಮಿಲಿಗ್ರಾಂ ಪ್ರಮಾಣವು ಮೆಲ್ಲಮೆಲ್ಲನೆ ರಕ್ತಗತವಾಗಿ ಮೂರು ತಿಂಗಳವರೆಗೆ ಅಂಡೋತ್ಸರ್ಗವನ್ನು ತಡೆಯುವುದು. ನಾರೆಥಿಸ್ಟಿರಾನ್ ಎನಾಂಥೇಟಾದರೋ ಎಣ್ಣೆಯಲ್ಲಿ ಕರಗಿಸಿದ ಎಸ್ಟರಾಗಿದ್ದು, 200 ಮಿಲಿಗ್ರಾಂ ಪ್ರಮಾಣದಲ್ಲಿ ಎರಡು ತಿಂಗಳು ಕಾಯುವುದು. ವಿಶ್ವ ಆರೋಗ್ಯ ಸಂಸ್ಥೆಯು 1972ರಲ್ಲಿ ಸ್ಥಾಪಿಸಿದ ಮಾನವ ಸಂತಾನೋತ್ಪತ್ತಿ ಸಂಶೋಧನಾ ಕಾರ್ಯಕ್ರಮವು, ಅಭಿವೃದ್ಧಿಶೀಲ ರಾಷ್ಟ್ರಗಳ ಅಗತ್ಯವನ್ನು ಮುಂದಿಟ್ಟುಕೊಂಡು, ನೂತನ ಎಸ್ಟರುಗಳ ಶೋಧಕ್ಕೂ ಈಸ್ಟ್ರೊಜೆನ್ ಬೆರೆಸಿದ ಮಾಸಿಕ ಚುಚ್ಚುಮದ್ದುಗಳ ಪರೀಕ್ಷೆಗೂ ಆಶ್ರಯವಿತ್ತಿತು.

ಆದರೆ ಈ ದೀರ್ಘತೆಯಲ್ಲಿಯೇ ತೊಡಕೂ ಅಡಗಿದೆ. ಗುಳಿಗೆಯನ್ನು ನಾಳೆ ಬಿಡಬಹುದು. ಚುಚ್ಚಿದ ಮದ್ದನ್ನು ಹಿಂದೆಗೆಯಲಾಗದು. ಮುಟ್ಟು ಕ್ರಮತಪ್ಪಿ ಬರಬರುತ್ತ ನಿಂತೇಹೋಗುವುದು, ಮೂಳೆಯ ಸಾಂದ್ರತೆ ಕುಗ್ಗುವುದು, ಡಿಎಂಪಿಎ ಬಿಟ್ಟಮೇಲೆ ಮತ್ತೆ ಬಸಿರಾಗಲು ತಿಂಗಳುಗಳು ಕಾಯಬೇಕಾಗುವುದು ಇವೆಲ್ಲವೂ ಮೊದಲೇ ಅರಿತಿರಬೇಕಾದ ಸಂಗತಿಗಳು. ಅಂದಿನ ಆಂಧ್ರಪ್ರದೇಶದ ಪಟಾಂಚೆರುವಿನಲ್ಲಿ ನಡೆದ ನಾರೆಥಿಸ್ಟಿರಾನ್ ಪ್ರಯೋಗದಲ್ಲಿ ಸ್ತ್ರೀಯರಿಗೆ ಸರಿಯಾದ ತಿಳಿವಳಿಕೆ ಕೊಡಲಿಲ್ಲವೆಂದು ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯೇ ಮೊದಲಾದವರು 1986ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕುದು ಈ ಕಾರಣದಿಂದಲೇ. ಡಿಎಂಪಿಎ 1993ರಲ್ಲಿ ಭಾರತದಲ್ಲಿ ಅನುಮತಿ ಪಡೆದರೂ, 'ಅಂತರಾ' ಎಂಬ ಹೆಸರಿನಿಂದ ಸರ್ಕಾರದ ಕುಟುಂಬ ಕಲ್ಯಾಣ ಯೋಜನೆಯನ್ನು ಪ್ರವೇಶಿಸಿದ್ದು 2017ರಲ್ಲಿ.

ಇಲ್ಲಿ ಕನ್ನಡನಾಡಿನ ಪೂರ್ವೋದಾಹರಣೆಯೊಂದು ಸ್ಮರಣೀಯ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1952ರಲ್ಲಿ ಮೈಸೂರು ರಾಜ್ಯದ ರಾಮನಗರದಲ್ಲಿ ಆರಂಭವಾದ ಲಯಕ್ರಮದ ಪ್ರಯೋಗದಲ್ಲಿ, ಸುರಕ್ಷಿತ ದಿನಗಳನ್ನು ಎಣಿಸುವ ಭಾರವೆಲ್ಲ ಹೆಂಗಸಿನ ಮೇಲಿತ್ತು. ಚುಚ್ಚುಮದ್ದು ಆಕೆಯನ್ನು ಆ ಎಣಿಕೆಯಿಂದ ಬಿಡಿಸಿತು. ಅದರೊಡನೆಯೇ, ಬೇಡವೆನಿಸಿದೊಡನೆ ನಿಲ್ಲಿಸುವ ಅಧಿಕಾರವನ್ನೂ ಮೂರು ತಿಂಗಳ ಮಟ್ಟಿಗೆ ಕಸಿದುಕೊಂಡಿತು.

ಆದುದರಿಂದ ತಾಳವಾಡಿಯಂತಹ ಸೀಮೆಯಲ್ಲಿ ಮದ್ದು ಹಳ್ಳಿಯ ದಾದಿಯ ಕೈಗೆ ಎಟುಕಿದರಷ್ಟೇ ಸಾಲದು. ವೈದ್ಯಪರೀಕ್ಷೆಯ ಕಾಲದ ವಿವರಣೆಯು, ಕಾಗದಪತ್ರಗಳು ತಮಿಳಿನಲ್ಲಿದ್ದರೂ, ಮನೆಮಾತಾದ ಕನ್ನಡದಲ್ಲಿ ನಡೆಯಬೇಕು. ಕೊಟ್ಟ ಸೂಜಿಗಳ ಸಂಖ್ಯೆಯಿಂದಲ್ಲ, ಮುಂದುವರಿಸಿದವಳಿಗೂ ಬಿಟ್ಟವಳಿಗೂ ತನ್ನ ನಿರ್ಧಾರದ ಕಾರಣ ಗೊತ್ತಿದೆಯೇ ಎಂಬುದರಿಂದ ಇಂತಹ ಯೋಜನೆಯ ಸಾಫಲ್ಯವನ್ನು ಅಳೆಯುವುದು ಯುಕ್ತ.